ಹಣಕಾಸುಶಾಸ್ತ್ರದ ಸಂಶೋಧನೆಗೆ ಪೂರ್ವಸಿದ್ಧತೆ: ಸ್ನಾತಕೋತ್ತರ ಪದವಿಯ ಆಯ್ಕೆಯನ್ನು ಕುರಿತು ಒಂದು ವಿಮರ್ಶೆ

೧

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳ ಕಾಲೇಜುಗಳಿಂದ ವರ್ಷಂಪ್ರತಿ ಬಿ.ಕಾಂ. ಪದವಿಯನ್ನು ಪಡೆದು ಹೊರಡುವ ವಿದ್ಯಾರ್ಥಿಗಳು ಬಹುಸಂಖ್ಯರು. ಅವರಲ್ಲಿ ಹೆಚ್ಚಿನವರು ಬ್ಯಾಂಕು, ಸಹಕಾರಿ ಸಂಘ, ಲೆಕ್ಕಪರಿಶೋಧಕರ ಕಚೇರಿ ಮೊದಲಾದೆಡೆಗಳಲ್ಲಿ ಉದ್ಯೋಗವನ್ನು ಹುಡುಕಿಕೊಳ್ಳುವರು. ಹಲವರು ಬೆಂಗಳೂರಿಗೋ ಕೊಲ್ಲಿಯ ನಾಡುಗಳಿಗೋ ತೆರಳುವರು. ಬೆರಳೆಣಿಕೆಯ ಕೆಲವರಿಗೆ ಮಾತ್ರ ಓದನ್ನು ಮುಂದುವರಿಸಿ ಹಣಕಾಸುಶಾಸ್ತ್ರದಲ್ಲಿ ಪಿಎಚ್.ಡಿ. ಪದವಿಯನ್ನು ಪಡೆಯಬೇಕೆಂಬ ಹಂಬಲವಿರುವುದು. ಈ ಕೆಲವರು ತಮ್ಮ ಅಧ್ಯಾಪಕರಲ್ಲಿ ಕೇಳುವ ಪ್ರಶ್ನೆ ಒಂದೇ: ಅದಕ್ಕೆ ಮುಂಚೆ ಯಾವ ಸ್ನಾತಕೋತ್ತರ ಪದವಿಯನ್ನು ಮಾಡಬೇಕು? ಅವರಿಗೆ ದೊರೆಯುವ ಉತ್ತರವೂ ಸಾಮಾನ್ಯವಾಗಿ ಒಂದೇ: ಬಿ.ಕಾಂ. ಆದವರು ಎಂ.ಕಾಂ. ಮಾಡಬೇಕು, ಇದರಲ್ಲಿ ಯೋಚಿಸುವುದಕ್ಕೇನಿದೆ?

ಯೋಚಿಸುವುದಕ್ಕೆ ಬಹಳವಿದೆ ಎಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ. ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿಯ ಕಡೆಯ ಒಬ್ಬ ವಿದ್ಯಾರ್ಥಿನಿ ಇದೇ ಪ್ರಶ್ನೆಯನ್ನು ಹಿಡಿದು ನಮ್ಮ ಬಳಿಗೂ ಬಂದಿದ್ದಳು. ಆಕೆಯ ತಾಯಿ ಬೀಡಿ ಕಟ್ಟಿ ಮಗಳನ್ನು ಓದಿಸಿದವರು. "ಎಂ.ಕಾಂ. ಮಾಡಮ್ಮ, ಅದೇ ನೇರವಾದ ದಾರಿ" ಎಂದು ಹೇಳಿದವರಲ್ಲಿ ನಾವೂ ಒಬ್ಬರು. ಆಕೆ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಅನಂತರ ಒಂದು ಸಂಸ್ಥೆಯಲ್ಲಿ ಪಿಎಚ್.ಡಿ. ಪ್ರವೇಶದ ಸಂದರ್ಶನಕ್ಕೆ ಹೋದಾಗ ಅವಳನ್ನು ಲೆಕ್ಕಪತ್ರಗಳ ವಿಷಯವಾಗಿ ಯಾರೂ ಕೇಳಲಿಲ್ಲ. ಸಂಭವನೀಯತೆಯ ವಿಷಯವಾಗಿಯೂ ಎರಡು ಸಂಗತಿಗಳ ನಡುವಣ ಸಂಬಂಧವನ್ನು ಕಾರಣವೆಂದು ಯಾವಾಗ ಕರೆಯಬಹುದೆಂಬ ವಿಷಯವಾಗಿಯೂ ಕೇಳಿದರು. ಉತ್ತರಿಸಲು ಆಕೆಗೆ ಸಾಧ್ಯವಾಗಲಿಲ್ಲ. ಈಗ ಆಕೆ ಒಂದು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಳೆ. ಅದೇನೂ ಕೀಳಾದ ಕೆಲಸವಲ್ಲ. ಆದರೆ ಆಕೆ ಬಯಸಿದ್ದು ಅದನ್ನಲ್ಲ. ವಿಚಾರಿಸದೆ ಕೊಟ್ಟ ಸಲಹೆಯ ಬೆಲೆಯನ್ನು ಸಲಹೆ ಕೊಟ್ಟವರು ತೆರುವುದಿಲ್ಲವೆಂಬ ಅರಿವೇ ಈ ಲೇಖನಕ್ಕೆ ಪ್ರೇರಣೆ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಇಂಥ ವಿಷಯವೇಕೆಂದು ವಾಚಕರು ಕೇಳಬಹುದು. ಹಣಕಾಸಿನ ಸಂಶೋಧನೆಗೆ ಈ ಜಿಲ್ಲೆಯಷ್ಟು ಸಮೃದ್ಧವಾದ ಕ್ಷೇತ್ರವು ಬೇರೆಡೆ ವಿರಳವೆಂಬುದು ಒಂದು ಕಾರಣ. ಆ ಕ್ಷೇತ್ರದಲ್ಲಿ ನಾವೇ ಇಳಿದು, ನಮ್ಮ ಸಿದ್ಧತೆಯ ಕೊರತೆಯಿಂದ ನಡುದಾರಿಯಲ್ಲಿ ನಿಂತೆವೆಂಬುದು ಇನ್ನೊಂದು. ಈ ಎರಡನ್ನೂ ಕ್ರಮವಾಗಿ ನಿರೂಪಿಸಿ ಆಮೇಲೆ ಪದವಿಗಳ ವಿಮರ್ಶೆಗೆ ತೊಡಗುವೆವು.

೨

ದಕ್ಷಿಣ ಕನ್ನಡ ಜಿಲ್ಲೆಯು ಬ್ಯಾಂಕುಗಳ ತವರು ಎಂಬ ಮಾತು ಎಲ್ಲರ ಬಾಯಲ್ಲಿದೆ. ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. ಅದು ೧೯೧೦ರಲ್ಲಿ ಕೆನರಾ ಬ್ಯಾಂಕಾಯಿತು. ಅದೇ ೧೯೦೬ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾದ ಸಂಸ್ಥೆ ಹುಟ್ಟಿತು. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು, ೧೯೨೫ರಲ್ಲಿ ಮುಂದಿನ ಸಿಂಡಿಕೇಟ್ ಬ್ಯಾಂಕು, ೧೯೩೧ರಲ್ಲಿ ವಿಜಯಾ ಬ್ಯಾಂಕು ಸ್ಥಾಪನೆಗೊಂಡವು. ದಿನಕ್ಕೆ ಎರಡಾಣೆಯನ್ನಾದರೂ ಮನೆಬಾಗಿಲಲ್ಲಿ ಸಂಗ್ರಹಿಸುವ ಪಿಗ್ಮಿ ಠೇವಣಿಯ ಪದ್ಧತಿಯು ೧೯೨೮ರಲ್ಲಿ ಸಿಂಡಿಕೇಟಿನಿಂದ ಆರಂಭವಾಯಿತು. ಇಂದು ಇವುಗಳಲ್ಲಿ ಮೂರರ ಹೆಸರು ಅಳಿದುಹೋಗಿದೆ: ವಿಜಯಾ ಬ್ಯಾಂಕು ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, ೨೦೨೦ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಸಂಸ್ಥೆಗಳು ಹೋದ ಮೇಲೆ ಉಳಿಯುವುದು ದಾಖಲೆ. ದಾಖಲೆಯನ್ನು ಓದಬಲ್ಲವರು ಇಲ್ಲದಿದ್ದರೆ ಅದೂ ಉಳಿಯದು.

ಬ್ಯಾಂಕುಗಳ ಸ್ಥಾಪನೆಯ ಕಥೆಯನ್ನು ಅಭಿಮಾನದಿಂದ ಹೇಳುವುದು ಸುಲಭ. ಸಂಶೋಧನೆ ಆರಂಭವಾಗುವುದು ಪ್ರಶ್ನೆಯಿಂದ. ನಮ್ಮ ಮೂರು ಊರುಗಳಿಂದ ಒಂದೊಂದು ಪ್ರಶ್ನೆಯನ್ನು ಉದಾಹರಣೆಗಾಗಿ ಎತ್ತಿಕೊಳ್ಳೋಣ.

ಮೊದಲನೆಯದು ಮೂಡುಬಿದಿರೆಯದು. ಬಿದಿರೆಯ ಬಸದಿಗಳ ಶಾಸನಗಳಲ್ಲಿಯೂ ತುಳುನಾಡಿನ ಇತರ ದಾನಶಾಸನಗಳಲ್ಲಿಯೂ ಗದ್ಯಾಣಗಳ ಲೆಕ್ಕದಲ್ಲಿ ಹೊನ್ನೂ ಮುಡಿಗಳ ಲೆಕ್ಕದಲ್ಲಿ ಅಕ್ಕಿಯೂ ಮತ್ತೆ ಮತ್ತೆ ಬರುತ್ತವೆ. ಹದಿನೈದನೆಯ ಶತಮಾನದಲ್ಲಿ ಸಾವಿರ ಕಂಬದ ಬಸದಿಯ ನಿರ್ಮಾಣಕ್ಕೆ ಕೈಜೋಡಿಸಿದ ಇಲ್ಲಿನ ವರ್ತಕರು, ಅಂದರೆ ಶಾಸನಗಳ ಹಲರು, ಹಣವನ್ನು ಬಲ್ಲವರು. ದೇವರ ಅಮೃತಪಡಿಗಾಗಿ ಇಂತಿಷ್ಟು ಹೊನ್ನು ಕೊಟ್ಟು ಭೂಮಿಯನ್ನು ಕೊಂಡು, ಅದರಿಂದ ವರ್ಷಕ್ಕೆ ಇಂತಿಷ್ಟು ಮುಡಿ ಅಕ್ಕಿ ಸಲ್ಲಬೇಕೆಂದು ಒಂದು ಶಾಸನದಲ್ಲಿ ಬರೆದಿದ್ದರೆ, ಇತಿಹಾಸದ ವಿದ್ಯಾರ್ಥಿ ಅದರಲ್ಲಿ ಭಕ್ತಿಯನ್ನೂ ಆಡಳಿತವನ್ನೂ ಕಾಣುತ್ತಾನೆ. ಹಣಕಾಸಿನ ವಿದ್ಯಾರ್ಥಿ ಅದರಲ್ಲಿ ಶಾಶ್ವತವಾದ ಒಂದು ಆದಾಯವನ್ನೂ ಅದಕ್ಕೆ ತೆತ್ತ ಮೂಲಧನವನ್ನೂ ಕಾಣಬೇಕು. ಮುಡಿ ಎಂದರೆ ಮೂರು ಕಳಸಿಗೆ, ನಲವತ್ತೆರಡು ಸೇರು. ಆ ಕಾಲದ ಅಕ್ಕಿಯ ಧಾರಣೆ ತಿಳಿದುಬಂದರೆ, ಅಂದಿನ ಜನರು ಹೊನ್ನಿನ ಮೇಲೆ ಎಷ್ಟು ಪ್ರತಿಫಲವನ್ನು ನಿರೀಕ್ಷಿಸುತ್ತಿದ್ದರೆಂಬುದು ಗಣಿತದಿಂದ ಹೊರಡುತ್ತದೆ. ಇಂಥ ಹಲವು ಶಾಸನಗಳನ್ನು ಕಾಲಕ್ರಮದಲ್ಲಿಟ್ಟರೆ ನಾಡಿನ ಬಡ್ಡಿಯ ಇತಿಹಾಸದ ಒಂದು ಅಧ್ಯಾಯವೇ ದೊರೆಯಬಹುದು.

ಎರಡನೆಯದು ಬೆಳ್ತಂಗಡಿಯದು. ೧೯೮೨ರಲ್ಲಿ ಧರ್ಮಸ್ಥಳದಲ್ಲಿ ಗ್ರಾಮಾಭಿವೃದ್ಧಿ ಯೋಜನೆಯೊಂದು ಆರಂಭವಾಯಿತು. ೧೯೯೨ರಲ್ಲಿ ನಬಾರ್ಡು ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವನ್ನು ಕೈಗೊಂಡಿತು. ಅಡವಿಗೆ ಅಂಗೈಯಗಲದ ನೆಲವೂ ಇಲ್ಲದ ಹೆಂಗಸರು ಗುಂಪುಗೂಡಿ ಪಡೆದ ಸಾಲವು ಏಕೆ ಮರುಪಾವತಿಯಾಗುತ್ತದೆ? ನೆರೆಯವರ ಕಣ್ಗಾವಲೇ ಕಾರಣವೋ, ಮುಂದಿನ ಸಾಲದ ಆಸೆಯೋ, ವಾರವಾರದ ಕಂತು ಸಣ್ಣದೆಂಬುದೋ, ಅಥವಾ ಒಂದು ಸಾಲವನ್ನು ತೀರಿಸಲು ಇನ್ನೊಂದನ್ನು ಮಾಡುವುದೋ? ಜೋಸೆಫ್ ಸ್ಟಿಗ್ಲಿಟ್ಸರು ೧೯೯೦ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ನೆರೆಯವರ ಮೇಲ್ವಿಚಾರಣೆಯು ಸಾಲದ ಮಾರುಕಟ್ಟೆಯಲ್ಲಿ ಹೇಗೆ ಕೆಲಸಮಾಡುತ್ತದೆಂದು ವಿವರಿಸಿದ್ದಾರೆ. ಆ ತರ್ಕವನ್ನು ಅರಿಯದವನು ನಮ್ಮೂರ ಸಂಘದ ಸಭೆಯಲ್ಲಿ ವರ್ಷಗಟ್ಟಲೆ ಕುಳಿತರೂ ಕಾಣಬೇಕಾದುದನ್ನು ಕಾಣಲಾರನು.

೩

ಮೂರನೆಯ ಪ್ರಶ್ನೆ ಬಂಟ್ವಾಳದ್ದು. ನಾವು ಸೋತದ್ದು ಇಲ್ಲಿ. ಆ ತಾಲೂಕಿನ ಒಂದು ಕೃಷಿ ಸಹಕಾರಿ ಸಂಘದ ಹಳೆಯ ಸಾಲದ ಪುಸ್ತಕಗಳನ್ನು ನೋಡಲು ನಮಗೆ ಅನುಮತಿ ದೊರೆತಿತ್ತು. ಗೆದ್ದಲು ಹಿಡಿಯದೆ ಉಳಿದ ಪುಟಗಳಿಂದ ೧೯೬೦ರಿಂದ ೧೯೮೦ರ ವರೆಗಿನ ಸಾಲಗಾರರ ಹೆಸರು, ಮೊಬಲಗು, ಅಡವು, ಬಾಕಿ ಇವನ್ನು ಎರಡು ಬೇಸಿಗೆ ರಜೆಗಳಲ್ಲಿ ಬರೆದುಕೊಂಡೆವು. ೧೯೭೪ರ ಅನಂತರ ಹೊಸ ಹೆಸರುಗಳು ಹೆಚ್ಚಾಗಿ ಕಾಣಿಸಿಕೊಂಡವು. ಅವುಗಳಲ್ಲಿ ಅನೇಕವು ಅದಕ್ಕೆ ಹಿಂದೆ ಗೇಣಿದಾರರಾಗಿದ್ದ ಕುಟುಂಬಗಳವು.

೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿಯು ಸರಕಾರದಲ್ಲಿ ನಿಹಿತವಾಗಿ, ಡಿಕ್ಲರೇಷನ್ ಹಾಕಿದ ಗೇಣಿದಾರರಿಗೆ ನ್ಯಾಯಮಂಡಳಿಯ ಮೂಲಕ ಒಡೆತನವು ದೊರೆಯಿತು. ಹೀಗೆ ದೊರೆತ ಭೂಮಿಯನ್ನು ಹದಿನೈದು ವರ್ಷಗಳ ವರೆಗೆ ಮಾರುವಂತಿರಲಿಲ್ಲ. ಸಾಲಕ್ಕಾಗಿ ಬ್ಯಾಂಕಿಗೆ ಅಥವಾ ಸಹಕಾರಿ ಸಂಸ್ಥೆಗೆ ಅಡವಿಡುವುದಕ್ಕೆ ಮಾತ್ರ ಕಾಯಿದೆಯು ಅವಕಾಶವಿತ್ತಿತ್ತು. ಒಡೆತನವು ಅಡವಿಗೆ ಆಧಾರವಾಯಿತು, ಅಡವಿನಿಂದ ಸಾಲ ದೊರೆಯಿತು ಎಂಬ ತೀರ್ಮಾನವು ನಮಗೆ ಸ್ವತಃಸಿದ್ಧವೆಂಬಂತೆ ತೋರಿತು. ಪೆರು ದೇಶದ ಹೆರ್ನಾಂಡೊ ಡೆ ಸೊಟೊ ೨೦೦೦ದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದೂ ಹೆಚ್ಚುಕಡಿಮೆ ಇದನ್ನೇ: ಹಕ್ಕುಪತ್ರವು ಬಡವನ ಆಸ್ತಿಯನ್ನು ಬಂಡವಾಳವನ್ನಾಗಿ ಮಾಡುತ್ತದೆ. ನಾವು ಲೇಖನವನ್ನು ಬರೆದು ಮುಗಿಸಿದೆವು.

ಮುದ್ರಣಕ್ಕೆ ಕಳುಹಿಸುವ ಮುನ್ನ ಸಂಖ್ಯಾಶಾಸ್ತ್ರದ ಒಬ್ಬ ಸ್ನೇಹಿತರಿಗೆ ಓದಲು ಕೊಟ್ಟೆವು. ಅವರು ಕೇಳಿದ್ದು ಒಂದೇ ಮಾತು: "೧೯೬೯ರಲ್ಲಿ ಏನಾಯಿತು?" ಆ ವರ್ಷದ ಜುಲೈ ೧೯ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದವು; ಕೆನರಾ ಮತ್ತು ಸಿಂಡಿಕೇಟುಗಳು ಅವುಗಳಲ್ಲಿ ಸೇರಿದ್ದವು. ಅನಂತರದ ವರ್ಷಗಳಲ್ಲಿ ಹಳ್ಳಿಹಳ್ಳಿಗೂ ಶಾಖೆಗಳು ಬಂದವು, ಕೃಷಿಸಾಲಕ್ಕೆ ಆದ್ಯತೆ ದೊರೆಯಿತು. ಹಾಗಾದರೆ ನಮ್ಮ ಪುಸ್ತಕದಲ್ಲಿ ಕಂಡ ಹೊಸ ಹೆಸರುಗಳಿಗೆ ಒಡೆತನವು ಕಾರಣವೋ, ಕಾಲವೇ ಸಾಲದ ಕಾಲವಾಗಿದ್ದುದು ಕಾರಣವೋ? ಎರಡನ್ನೂ ಬೇರ್ಪಡಿಸಬೇಕಾದರೆ ಗೇಣಿ ಹೆಚ್ಚಾಗಿದ್ದ ಗ್ರಾಮಗಳನ್ನು ಕಡಮೆಯಿದ್ದ ಗ್ರಾಮಗಳೊಡನೆ, ೧೯೭೪ರ ಹಿಂದಿನ ಮತ್ತು ಮುಂದಿನ ವರ್ಷಗಳಲ್ಲಿ, ಒಂದೇ ಅಳತೆಯಿಂದ ಹೋಲಿಸಬೇಕಾಗಿತ್ತು. ವ್ಯತ್ಯಾಸವು ಆಕಸ್ಮಿಕವಲ್ಲವೆಂದು ತೋರಿಸಬೇಕಾಗಿತ್ತು. ಆ ವಿದ್ಯೆ ನಮ್ಮಲ್ಲಿರಲಿಲ್ಲ. ಅರ್ಜೆಂಟೀನಾ ದೇಶದ ಬ್ಯೂನಸ್ ಐರಿಸ್ ಪಟ್ಟಣದ ಹೊರವಲಯದಲ್ಲಿ ಇಂಥದೇ ಪ್ರಶ್ನೆಯನ್ನು ಪರಿಶೀಲಿಸಿದ ಗಾಲಿಯಾನಿ ಮತ್ತು ಷಾರ್‌ಗ್ರೋಡ್‌ಸ್ಕಿ ಎಂಬ ವಿದ್ವಾಂಸರು, ಹಕ್ಕು ಪಡೆದವರು ಮನೆಯನ್ನು ಚೆನ್ನಾಗಿ ಕಟ್ಟಿಕೊಂಡರು, ಆದರೆ ಅವರಿಗೆ ಸಾಲವು ಅಷ್ಟೇನೂ ಹೆಚ್ಚು ದೊರೆಯಲಿಲ್ಲವೆಂದು ೨೦೧೦ರ ಪ್ರಬಂಧದಲ್ಲಿ ತೋರಿಸಿರುವುದನ್ನು ಆಮೇಲೆ ಓದಿದೆವು. ನಮ್ಮ ಲೇಖನವು ಇಂದಿಗೂ ಅಚ್ಚಾಗಿಲ್ಲ. ಬರೆದುಕೊಂಡ ಅಂಕಿಗಳು ಕಪಾಟಿನಲ್ಲಿವೆ.

ಈ ಅನುಭವದಿಂದ ತಿಳಿಯಬೇಕಾದುದಿಷ್ಟು: ದಾಖಲೆ, ಭಾಷೆ, ಕಾಯಿದೆಯ ಜ್ಞಾನ ಇವೆಲ್ಲ ಇದ್ದರೂ ಕಾರಣವನ್ನು ಪರೀಕ್ಷಿಸುವ ಉಪಕರಣವಿಲ್ಲದಿದ್ದರೆ ಹಣಕಾಸಿನ ಸಂಶೋಧನೆಯು ಕಥೆಯಾಗಿ ನಿಲ್ಲುತ್ತದೆ. ಉಪಕರಣವೊಂದೇ ಇದ್ದು ಉಳಿದವು ಇಲ್ಲದಿದ್ದರೆ ಅದು ಬರಿಯ ಲೆಕ್ಕವಾಗಿ ನಿಲ್ಲುತ್ತದೆ.

೪

ಈ ಶಾಸ್ತ್ರವನ್ನು ಕಟ್ಟಿದವರು ಯಾವ ಸಿದ್ಧತೆಯಿಂದ ಬಂದರೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಷೇರುಪೇಟೆಯ ಬೆಲೆಗಳ ಏರಿಳಿತವನ್ನು ಮೊತ್ತಮೊದಲು ಸಂಭವನೀಯತೆಯ ಗಣಿತದಿಂದ ವಿವೇಚಿಸಿದ ಲೂಯಿ ಬಾಷೆಲಿಯೆಯ ೧೯೦೦ದ ಪ್ರಬಂಧವು ಪ್ಯಾರಿಸ್ಸಿನಲ್ಲಿ ಗಣಿತದ ಡಾಕ್ಟರೇಟಿಗಾಗಿ ಸಲ್ಲಿಸಲ್ಪಟ್ಟಿತು. ಬಂಡವಾಳವನ್ನು ಹಲವೆಡೆ ಹಂಚುವುದರ ತತ್ತ್ವವನ್ನು ೧೯೫೨ರಲ್ಲಿ ಪ್ರಕಟಿಸಿದ ಹ್ಯಾರಿ ಮಾರ್ಕೊವಿಟ್ಸರು ಅರ್ಥಶಾಸ್ತ್ರದವರು. ಅವರ ಮೌಖಿಕ ಪರೀಕ್ಷೆಯಲ್ಲಿ ಮಿಲ್ಟನ್ ಫ್ರೀಡ್‌ಮನ್ನರು ಇದು ಅರ್ಥಶಾಸ್ತ್ರವೇ ಅಲ್ಲವೆಂದು ಆಕ್ಷೇಪಿಸಿದ್ದನ್ನು ಮಾರ್ಕೊವಿಟ್ಸರೇ ನೆನೆದಿದ್ದಾರೆ. ರಾಬರ್ಟ್ ಮರ್ಟನ್ನರು ಅನ್ವಯಿಕ ಗಣಿತದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು ೧೯೭೦ರಲ್ಲಿ ಅರ್ಥಶಾಸ್ತ್ರದ ಡಾಕ್ಟರರಾದರು. ಯೂಜೀನ್ ಫಾಮಾ ಮೊದಲ ಪದವಿಗೆ ಓದಿದ್ದು ಐರೋಪ್ಯ ಭಾಷೆಗಳನ್ನು. ನಮ್ಮ ದೇಶದ ರಘುರಾಮ ರಾಜನ್ನರು ಎಂಜಿನಿಯರಿಂಗ್ ಮುಗಿಸಿ, ಅಹಮದಾಬಾದಿನಲ್ಲಿ ನಿರ್ವಹಣಶಾಸ್ತ್ರವನ್ನು ಓದಿ, ೧೯೯೧ರಲ್ಲಿ ಬ್ಯಾಂಕುಗಳನ್ನು ಕುರಿತ ಪ್ರಬಂಧಗಳಿಗೆ ಮೆಸಾಚುಸೆಟ್ಸಿನಲ್ಲಿ ಡಾಕ್ಟರೇಟನ್ನು ಪಡೆದರು. ನಮ್ಮ ಜಿಲ್ಲೆಯ ಬ್ಯಾಂಕುಗಳ ಇತಿಹಾಸವನ್ನು ಬರೆದ ಎನ್. ಕೆ. ತಿಂಗಳಾಯರು ಅರ್ಥಶಾಸ್ತ್ರಜ್ಞರಾಗಿದ್ದು ಸಿಂಡಿಕೇಟ್ ಬ್ಯಾಂಕಿನ ಅಧ್ಯಕ್ಷಸ್ಥಾನಕ್ಕೇರಿದವರು.

ಇವರೆಲ್ಲರೂ ಅಸಾಮಾನ್ಯರು, ಅಸಾಮಾನ್ಯರ ದಾರಿ ಸಾಮಾನ್ಯರಿಗೆ ನಿಯಮವಾಗಲಾರದು ಎನ್ನಬಹುದು. ನಿಜ. ಆದರೂ ಈ ಪಟ್ಟಿಯಿಂದ ಒಂದು ಸಂಗತಿ ವಿದಿತವಾಗುತ್ತದೆ. ಪದವಿಯ ಹೆಸರು ಇವರಲ್ಲಿ ಒಬ್ಬೊಬ್ಬರಿಗೆ ಒಂದೊಂದು. ಡಾಕ್ಟರೇಟಿನ ಹೊತ್ತಿಗೆ ಅವರ ಕೈಯಲ್ಲಿದ್ದ ಗಣಿತವೂ ಅರ್ಥಶಾಸ್ತ್ರದ ತರ್ಕವೂ ಬಹುಮಟ್ಟಿಗೆ ಸಮಾನ.

೫

ಇನ್ನು ನಮ್ಮ ವಿದ್ಯಾರ್ಥಿಗಳ ಮುಂದಿರುವ ಪದವಿಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಎಂ.ಕಾಂ. ಪದವಿಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಅಢಾವೆ ಪತ್ರಿಕೆಯನ್ನು ಓದುವ ಶಕ್ತಿ, ಕಂಪೆನಿ ಕಾಯಿದೆ, ತೆರಿಗೆ, ಲೆಕ್ಕಪರಿಶೋಧನೆ ಇವುಗಳ ಪರಿಚಯ ಅದರಿಂದ ದೊರೆಯುವಂತೆ ಇನ್ನೊಂದರಿಂದ ದೊರೆಯದು. ಬ್ಯಾಂಕಿನ ಲೆಕ್ಕದಲ್ಲಿ ವಸೂಲಾಗದ ಸಾಲವನ್ನು ಎಲ್ಲಿ ಅಡಗಿಸಿಡಬಹುದೆಂಬುದನ್ನು ಗಣಿತಜ್ಞನಿಗಿಂತ ವಾಣಿಜ್ಯದ ವಿದ್ಯಾರ್ಥಿ ಬೇಗ ಕಾಣುವನು. ದೋಷವಿರುವುದು ಬೇರೆಡೆ. ಅಲ್ಲಿ ಸಂಖ್ಯಾಶಾಸ್ತ್ರವನ್ನು ಬಹುಮಟ್ಟಿಗೆ ಸೂತ್ರಗಳಾಗಿ ಕಲಿಸಲಾಗುತ್ತದೆ. ಸೂತ್ರವು ಯಾವಾಗ ಸಲ್ಲುತ್ತದೆ, ಯಾವಾಗ ಸಲ್ಲದು ಎಂಬ ವಿಚಾರಕ್ಕೆ ಸಮಯವಿರುವುದಿಲ್ಲ. ಇದರ ಪರಿಣಾಮವನ್ನು ನಾವು ಪ್ರಬಂಧಗಳಲ್ಲಿ ಕಾಣುತ್ತೇವೆ. ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿ, ಸಿಕ್ಕಿದ ನೂರಿನ್ನೂರು ಗ್ರಾಹಕರಿಗೆ ಹಂಚಿ, ತೃಪ್ತಿಯ ಪ್ರಮಾಣವನ್ನು ಶೇಕಡದಲ್ಲಿ ಹೇಳಿ, ಕೊನೆಯಲ್ಲಿ ಬ್ಯಾಂಕಿಗೆ ಸಲಹೆಗಳನ್ನು ಕೊಡುವ ಮಾದರಿಯು ಎಲ್ಲೆಡೆ ರೂಢಿಯಾಗಿದೆ. ಸಿಕ್ಕಿದವರೇ ಏಕೆ ಸಿಕ್ಕಿದರು, ಸಿಗದವರು ಯಾರು ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಸಾಲ ಕೇಳಿ ದೊರೆಯದೆ ಹಿಂದಿರುಗಿದವನು ಬ್ಯಾಂಕಿನ ಗ್ರಾಹಕರ ಪಟ್ಟಿಯಲ್ಲಿ ಇರುವುದೇ ಇಲ್ಲವಷ್ಟೆ!

ಎಂ.ಬಿ.ಎ. ಪದವಿಯು ಉದ್ಯೋಗಕ್ಕಾಗಿ ರಚಿತವಾದುದು. ತೀರ್ಮಾನವನ್ನು ಬೇಗ ತೆಗೆದುಕೊಳ್ಳುವುದನ್ನು ಅದು ಕಲಿಸುತ್ತದೆ. ತೀರ್ಮಾನವನ್ನು ತಡೆಹಿಡಿಯುವುದು ಸಂಶೋಧಕನ ಮೊದಲ ಪಾಠ. ಶುಲ್ಕವೂ ಅಧಿಕ. ಈಗಾಗಲೇ ಗಣಿತವನ್ನು ಬಲ್ಲ ಎಂಜಿನಿಯರಿಗೆ ಅದು ಸಂಸ್ಥೆಗಳ ಪರಿಚಯವನ್ನು ಕೊಟ್ಟು ಉಪಕರಿಸಬಹುದು. ಬಿ.ಕಾಂ. ಮುಗಿಸಿ ಸಂಶೋಧನೆಯ ಗುರಿಯಿಂದ ಬಂದವನಿಗೆ, ಇದ್ದ ಕೊರತೆಯು ಅದರಿಂದ ತುಂಬುವುದು ಕಡಮೆ.

ಅರ್ಥಶಾಸ್ತ್ರದ ಎಂ.ಎ. ಪದವಿಯು ನಮ್ಮ ಅಭಿಪ್ರಾಯದಲ್ಲಿ ಗುರಿಗೆ ಅತ್ಯಂತ ಸಮೀಪವಾದುದು, ಒಂದು ಷರತ್ತಿನ ಮೇಲೆ: ಸೂಕ್ಷ್ಮ ಅರ್ಥಶಾಸ್ತ್ರವನ್ನೂ ಅರ್ಥಮಿತಿಯನ್ನೂ ಅಲ್ಲಿ ಗಣಿತಸಹಿತವಾಗಿ ಬೋಧಿಸುತ್ತಿರಬೇಕು. ಬೆಳ್ತಂಗಡಿಯ ಪ್ರಶ್ನೆಗೆ ಬೇಕಾದ ತರ್ಕವೂ ಬಂಟ್ವಾಳದ ಪ್ರಶ್ನೆಗೆ ಬೇಕಾದ ಪರೀಕ್ಷೆಯೂ ಅಲ್ಲಿವೆ. ಆದರೆ ಅರ್ಥಶಾಸ್ತ್ರದ ಎಂ.ಎ. ಎಂಬ ಹೆಸರಿನ ಕೆಳಗೆ ಪಂಚವಾರ್ಷಿಕ ಯೋಜನೆಗಳ ಟಿಪ್ಪಣಿಗಳನ್ನು ಬಾಯಿಪಾಠ ಮಾಡಿಸುವ ಕಡೆಗಳೂ ಇವೆ. ರಿಸರ್ವ್ ಬ್ಯಾಂಕು ೧೯೮೭ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನ ಸಂಸ್ಥೆಯಂಥಲ್ಲಿ ಕಲಿಸುವ ಅರ್ಥಶಾಸ್ತ್ರಕ್ಕೂ ಇದಕ್ಕೂ ಹೆಸರಿನ ಹೊರತು ಸಾಮ್ಯವಿಲ್ಲ. ಆದಕಾರಣ ವಿದ್ಯಾರ್ಥಿಯು ಪದವಿಯ ಹೆಸರನ್ನು ನೋಡಿ ತೃಪ್ತನಾಗದೆ ಪಠ್ಯಕ್ರಮವನ್ನೂ ಹಿಂದಿನ ವರ್ಷಗಳ ಪ್ರಶ್ನಪತ್ರಿಕೆಗಳನ್ನೂ ತರಿಸಿ ನೋಡತಕ್ಕದ್ದು. ಪ್ರಶ್ನಪತ್ರಿಕೆಯು ಎಂದಿಗೂ ಸುಳ್ಳು ಹೇಳುವುದಿಲ್ಲ.

ಗಣಿತ ಅಥವಾ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಉಪಕರಣಗಳ ದೃಷ್ಟಿಯಿಂದ ಎಲ್ಲಕ್ಕಿಂತ ಮೇಲು. ಬಿ.ಎಸ್ಸಿ.ಯಲ್ಲಿ ಗಣಿತವನ್ನು ಓದಿದವರು ಹಣಕಾಸಿನ ಕಡೆಗೆ ಬರಲಿಚ್ಛಿಸಿದರೆ ಅಂಜದೆ ಈ ದಾರಿಯನ್ನು ಹಿಡಿಯಬಹುದು; ಅವರು ಮುಂದೆ ಕಲಿಯಬೇಕಾದ ಲೆಕ್ಕಶಾಸ್ತ್ರವು ಒಂದು ವರ್ಷದ ಕೆಲಸ. ಬಿ.ಕಾಂ. ಆದವರಿಗೆ ಈ ಬಾಗಿಲು ಸಾಮಾನ್ಯವಾಗಿ ಮುಚ್ಚಿದೆ. ನಿಜವಾಗಿ ನೋಡಿದರೆ ಅದು ಮುಚ್ಚುವುದು ಬಿ.ಕಾಂ.ಗಿಂತಲೂ ಮೊದಲು. ಪದವಿಪೂರ್ವ ತರಗತಿಗೆ ಸೇರುವಾಗ ವಾಣಿಜ್ಯದ ಹುಡುಗರು ಎಚ್.ಇ.ಬಿ.ಎ. ಎಂದೋ ಎಸ್.ಇ.ಬಿ.ಎ. ಎಂದೋ ಬರೆಯುತ್ತಾರೆ. ಮೊದಲನೆಯ ಅಕ್ಷರವು ಇತಿಹಾಸವಾಗಬೇಕೋ ಸಂಖ್ಯಾಶಾಸ್ತ್ರವಾಗಬೇಕೋ ಎಂಬುದನ್ನು ಹದಿನಾರು ವರ್ಷದ ಹುಡುಗನು ಪಕ್ಕದ ಮನೆಯವರನ್ನು ಕೇಳಿ ತೀರ್ಮಾನಿಸುವನು. ಅಂಕಿಗಳಿಂದ ತಪ್ಪಿಸಿಕೊಳ್ಳಲು ನಮ್ಮ ವಿಷಯವನ್ನು ಆರಿಸಿಕೊಂಡವರು ನಮ್ಮ ತರಗತಿಯಲ್ಲಿ ಪ್ರತಿವರ್ಷವೂ ಇರುತ್ತಾರೆ. ಅವರ ಬಗೆಗೆ ನಮಗೆ ಪ್ರೀತಿಯುಂಟು. ಅವರನ್ನು ಎಚ್ಚರಿಸದಿರುವುದು ಮಾತ್ರ ಪ್ರೀತಿಯಲ್ಲ.

ಕೊನೆಯದಾಗಿ ನಮ್ಮದೇ ಪದವಿಯಾದ ಇತಿಹಾಸದ ಎಂ.ಎ. ಮೂಡುಬಿದಿರೆಯ ಪ್ರಶ್ನೆಗೆ ಶಾಸನವನ್ನು ಓದಬಲ್ಲವರೇ ಬೇಕ. ಅಲ್ಲಿ ಬೇಕಾದ ಗಣಿತವು ಬಡ್ಡಿಯ ಗಣಿತಕ್ಕಿಂತ ಬಹುದೂರ ಹೋಗುವುದಿಲ್ಲವಾದ್ದರಿಂದ ಶ್ರದ್ಧೆಯುಳ್ಳವನು ಸ್ವಂತವಾಗಿ ಕಲಿಯಬಹುದು. ಆದರೂ ಇತಿಹಾಸದ ಪದವಿಯು ಹಣಕಾಸಿನ ಡಾಕ್ಟರೇಟಿಗೆ ಸಾಕೆಂದು ಹೇಳಿದರೆ ಅದು ಸ್ವಪಕ್ಷಪಾತವಾದೀತು. ಬಂಟ್ವಾಳದಲ್ಲಿ ನಾವು ನಿಂತ ಸ್ಥಳವೇ ಅದಕ್ಕೆ ಸಾಕ್ಷಿ.

೬

ಸ್ನಾತಕೋತ್ತರ ಪದವಿಯ ಆಯ್ಕೆಗೆ ಇಷ್ಟೊಂದು ಮಹತ್ತ್ವವೇಕೆ, ಬೇಕಾದುದನ್ನು ಪಿಎಚ್.ಡಿ.ಯಲ್ಲಿಯೇ ಕಲಿಯಬಾರದೇ ಎಂಬ ಪ್ರಶ್ನೆ ಏಳುತ್ತದೆ. ಅಮೆರಿಕೆಯ ವಿಶ್ವವಿದ್ಯಾನಿಲಯಗಳಲ್ಲಿಯೂ ನಮ್ಮ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟುಗಳಲ್ಲಿಯೂ ಡಾಕ್ಟರೇಟಿನ ಮೊದಲ ಎರಡು ವರ್ಷಗಳು ಹೆಚ್ಚಾಗಿ ಪಾಠಕ್ಕೇ ಮೀಸಲು. ಆ ಪಾಠಗಳಲ್ಲಿ ಉತ್ತೀರ್ಣನಾದ ಮೇಲೆಯೇ ಪ್ರಬಂಧ. ಸಾಮಾನ್ಯ ವಿಶ್ವವಿದ್ಯಾನಿಲಯಗಳಲ್ಲಿ ಹಾಗಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೨೨ರ ನವೆಂಬರಿನಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಪಿಎಚ್.ಡಿ.ಗೆ ಕಡ್ಡಾಯವಾದ ಪಾಠವು ಕನಿಷ್ಠ ೧೨ ಕ್ರೆಡಿಟ್ಟುಗಳು. ಅದರಲ್ಲಿ ಸಂಶೋಧನ ವಿಧಾನವೂ ನೀತಿಯೂ ಅಡಕವಾಗಬೇಕು. ಹೀಗಾಗಿ ಅಲ್ಲಿ ಡಾಕ್ಟರೇಟಿನ ಪಾಠಗಳು ಹೊರುವ ಭಾರವನ್ನು ಇಲ್ಲಿ ಸ್ನಾತಕೋತ್ತರ ಪದವಿಯೇ ಹೊರಬೇಕಾಗಿದೆ. ಎಂ.ಕಾಂ.ನಲ್ಲಿ ಕಲಿಯದ ಅರ್ಥಮಿತಿಯನ್ನು ಆಮೇಲೆ ಕಲಿಸುವವರು ಇಲ್ಲ; ಕಲಿಯಲು ವೇಳೆಯೂ ಇಲ್ಲ.

ಇದೇ ನಿಯಮಾವಳಿಯು ನಾಲ್ಕು ವರ್ಷದ ಪದವಿಯಲ್ಲಿ ಶೇಕಡ ೭೫ ಅಂಕ ಪಡೆದವರಿಗೆ ಸ್ನಾತಕೋತ್ತರ ಪದವಿಯಿಲ್ಲದೆಯೂ ಪ್ರವೇಶದ ಅರ್ಹತೆಯನ್ನು ಕೊಟ್ಟಿದೆ. ಕರ್ನಾಟಕದಲ್ಲಿ ೨೦೨೧ರಲ್ಲಿ ಆರಂಭವಾದ ನಾಲ್ಕು ವರ್ಷದ ಕ್ರಮವನ್ನು ೨೦೨೪ರಲ್ಲಿ ಕೈಬಿಟ್ಟು ಮೂರು ವರ್ಷದ ಕ್ರಮಕ್ಕೆ ಮರಳಿದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಎರಡು ವರ್ಷದ ಸ್ನಾತಕೋತ್ತರ ಪದವಿಯೇ ಸಾಮಾನ್ಯ ಮಾರ್ಗ. ಆ ಎರಡು ವರ್ಷಗಳು ಹಾಗಾಗಿ ಇನ್ನಷ್ಟು ಅಮೂಲ್ಯ.

ನಮ್ಮ ವಾದಕ್ಕೆ ಪ್ರಬಲವಾದ ಆಕ್ಷೇಪವೊಂದುಂಟು. ಅದನ್ನು ಮರೆಮಾಚುವುದು ಸರಿಯಲ್ಲ. ಅನ್ನದ ಪ್ರಶ್ನೆ ಅದು. ಕಾಲೇಜಿನಲ್ಲಿ ಅಧ್ಯಾಪಕರಾಗಲು ಸಂಬಂಧಪಟ್ಟ ವಿಷಯದಲ್ಲಿಯೇ ಸ್ನಾತಕೋತ್ತರ ಪದವಿಯಿರಬೇಕೆಂದು ಆಯ್ಕೆಸಮಿತಿಗಳು ಸಾಮಾನ್ಯವಾಗಿ ಅಪೇಕ್ಷಿಸುತ್ತವೆ; ನೆಟ್ ಪರೀಕ್ಷೆಯಲ್ಲಿ ವಾಣಿಜ್ಯ, ಅರ್ಥಶಾಸ್ತ್ರ, ನಿರ್ವಹಣೆ ಇವು ಬೇರೆ ಬೇರೆ ವಿಷಯಗಳು. ಬಿ.ಕಾಂ. ತರಗತಿಗಳು ತುಂಬಿ ತುಳುಕುತ್ತಿರುವಾಗ ವಾಣಿಜ್ಯದ ಅಧ್ಯಾಪಕರಿಗೆ ಕೆಲಸ ದೊರೆಯುವಷ್ಟು ಸುಲಭವಾಗಿ ಅರ್ಥಶಾಸ್ತ್ರದವರಿಗೆ ದೊರೆಯುವುದಿಲ್ಲ. ತಂದೆಯ ಅಡಿಕೆ ತೋಟಕ್ಕೆ ಕೊಳೆರೋಗ ಬಂದ ವರ್ಷ ಮನೆಯನ್ನು ನಡೆಸಬೇಕಾದ ಹುಡುಗನಿಗೆ, ಎಂ.ಕಾಂ. ಬಿಟ್ಟು ಅರ್ಥಮಿತಿಯ ಬೆನ್ನುಹತ್ತು ಎಂದು ಹೇಳುವ ಧೈರ್ಯ ನಮಗಿಲ್ಲ. ಸಂಶೋಧನೆ ಫಲಿಸದಿದ್ದರೆ ಎಂ.ಕಾಂ. ಪದವಿಯು ಅವನ ಕೈಹಿಡಿಯುತ್ತದೆ. ಈ ಮಾತು ನಿಜವಾಗಿರುವ ತನಕ ಎಂ.ಕಾಂ. ಆರಿಸಿದವರನ್ನು ಅವಿವೇಕಿಗಳೆನ್ನಲಾಗದು.

ಆದರೆ ಈ ಆಕ್ಷೇಪದಿಂದ ಸಿದ್ಧವಾಗುವುದು ಎಂ.ಕಾಂ. ಉದ್ಯೋಗಕ್ಕೆ ಕ್ಷೇಮವೆಂಬುದು, ಅದು ಸಂಶೋಧನೆಗೆ ಸಾಕೆಂಬುದು ಸಿದ್ಧವಾಗುವುದಿಲ್ಲ. ಎರಡನ್ನೂ ಒಂದೇ ಎಂದು ಭ್ರಮಿಸಿ ಸಲಹೆ ಕೊಟ್ಟುದೇ ನಮ್ಮ ತಪ್ಪು. ಕ್ಷೇಮಕ್ಕಾಗಿ ಎಂ.ಕಾಂ. ಸೇರುವವನಿಗೆ ಅದೇ ದಿನ ಇನ್ನೊಂದು ಮಾತನ್ನೂ ಹೇಳಬೇಕು: ಕಲನಶಾಸ್ತ್ರ, ರೇಖೀಯ ಬೀಜಗಣಿತ, ಸಂಭವನೀಯತೆ ಈ ಮೂರನ್ನು ಮೊದಲ ವರ್ಷದಲ್ಲಿಯೇ ಹೊರಗಿನಿಂದ ಕಲಿಯತೊಡಗು; ಎರಡನೆಯ ವರ್ಷದಲ್ಲಿ ಅರ್ಥಮಿತಿಯನ್ನು ಹಿಡಿ; ಕಿರುಪ್ರಬಂಧಕ್ಕೆ ಪ್ರಶ್ನಾವಳಿಯನ್ನು ಹಂಚುವ ಬದಲು ಒಂದು ಸಂಘದ ಇಪ್ಪತ್ತು ವರ್ಷದ ಲೆಕ್ಕವನ್ನು ಆರಿಸಿಕೋ. ಗಣಿತವು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಬಗ್ಗುವಂತೆ ಮೂವತ್ತೈದರಲ್ಲಿ ಬಗ್ಗುವುದಿಲ್ಲ. ಇದನ್ನು ಸ್ವಾನುಭವದಿಂದ ಹೇಳುತ್ತಿದ್ದೇವೆ: ಆ ಸ್ನೇಹಿತರ ಪುಸ್ತಕವನ್ನು ತಂದು ರಾತ್ರಿಗಳಲ್ಲಿ ಓದಲೆತ್ನಿಸುತ್ತಿರುವೆವು; ಪುಟಗಳು ನಿಧಾನವಾಗಿ ಸರಿಯುತ್ತಿವೆ.

ವಿಭಾಗಗಳು ಮಾಡಬಹುದಾದ ಕೆಲಸವೂ ಇದೆ. ಮಂಗಳಗಂಗೋತ್ರಿಯಲ್ಲಿ ವಾಣಿಜ್ಯ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಇತಿಹಾಸ ಈ ವಿಭಾಗಗಳೆಲ್ಲ ಒಂದೇ ಗುಡ್ಡದ ಮೇಲೆ, ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಬೇರೆ ವಿಭಾಗದ ಪತ್ರಿಕೆಯೊಂದನ್ನು ಆರಿಸಿಕೊಳ್ಳುವ ಅವಕಾಶವನ್ನು ಈಗಿನ ಕ್ರೆಡಿಟ್ ಪದ್ಧತಿ ಕೊಟ್ಟಿದೆ. ವಿದ್ಯಾರ್ಥಿಗಳು ಅದನ್ನು ಹೆಚ್ಚಾಗಿ ಅಂಕಗಳು ಸುಲಭವಾಗಿ ದೊರೆಯುವ ಕಡೆಗೆ ಬಳಸುತ್ತಾರೆ. ಸಂಶೋಧನೆಯ ಆಸೆಯುಳ್ಳ ವಾಣಿಜ್ಯ ವಿದ್ಯಾರ್ಥಿಯನ್ನು ಸಂಖ್ಯಾಶಾಸ್ತ್ರದ ತರಗತಿಗೂ, ಅಂಕಿಗಳನ್ನು ಬಲ್ಲವನನ್ನು ಹಳೆಯ ಕಡತಗಳ ಬಳಿಗೂ ಕಳುಹಿಸುವುದಕ್ಕೆ ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಬೇಕಾಗಿಲ್ಲ. ಅಧ್ಯಾಪಕರು ಪರಸ್ಪರ ಮಾತನಾಡಿದರೆ ಸಾಕು.

೭

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿದು. ಗಣಿತವನ್ನು ಓದಿ ಬಂದವರು ಸಂಖ್ಯಾಶಾಸ್ತ್ರವನ್ನೋ ಗಣಿತಸಹಿತವಾದ ಅರ್ಥಶಾಸ್ತ್ರವನ್ನೋ ಆರಿಸಿಕೊಳ್ಳಲಿ. ಬಿ.ಕಾಂ. ಆದವರಲ್ಲಿ ಮನೆಯ ಸ್ಥಿತಿ ಅನುಕೂಲವಾಗಿದ್ದು ಪ್ರವೇಶ ದೊರೆಯುವವರು ಅರ್ಥಶಾಸ್ತ್ರಕ್ಕೆ ಹೋಗಲಿ, ಉಳಿದವರು ಎಂ.ಕಾಂ. ಸೇರಲಿ, ಆದರೆ ಅದು ಅರ್ಧ ಸಿದ್ಧತೆ ಮಾತ್ರವೆಂದು ತಿಳಿದು ಸೇರಲಿ. ಯಾರೇ ಆಗಲಿ, ಮೊದಲು ತಮ್ಮ ಪ್ರಶ್ನೆ ಯಾವುದೆಂದು ಒಂದು ಹಾಳೆಯಲ್ಲಿ ಬರೆದುಕೊಂಡು, ಅದಕ್ಕೆ ಯಾವ ವಿದ್ಯೆ ಬೇಕೆಂದು ವಿಚಾರಿಸಿ, ಕೊನೆಯಲ್ಲಿ ಪದವಿಯ ಹೆಸರನ್ನು ನೋಡಲಿ. ನಮ್ಮಲ್ಲಿ ಈಗ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧವಾದ ಕ್ರಮ.

ಬೆಳ್ತಂಗಡಿಯ ಆ ವಿದ್ಯಾರ್ಥಿನಿ ಕಳೆದ ವರ್ಷ ಮತ್ತೆ ಬಂದಿದ್ದಳು. ಈ ಸಲ ಸಲಹೆಗಾಗಿ ಅಲ್ಲ. ತನ್ನ ಕಾಲೇಜಿನ ಗಣಿತದ ಅಧ್ಯಾಪಕರಲ್ಲಿ ಸಂಜೆ ಪಾಠ ಹೇಳಿಸಿಕೊಳ್ಳುತ್ತಿರುವುದಾಗಿ ತಿಳಿಸಿ, ಬಂಟ್ವಾಳದ ಅಂಕಿಗಳನ್ನು ನೋಡಬಹುದೇ ಎಂದು ಕೇಳಿದಳು. ಕಪಾಟಿನಿಂದ ತೆಗೆದು ಕೊಟ್ಟಿದ್ದೇವೆ. ಅವುಗಳಿಂದ ನಮ್ಮ ತೀರ್ಮಾನವು ಸುಳ್ಳೆಂದು ಹೊರಟರೂ ಅದನ್ನು ಈ ಸಂಚಿಕೆಯಲ್ಲಿಯೇ ಪ್ರಕಟಿಸಬೇಕೆಂದು ಆಕೆಗೆ ಹೇಳಿದ್ದೇವೆ.